ಒದೆ ಮೇಷ್ಟ್ರಿಗೆ ಕೊಡಬೇಕಾಗಿದ್ದ ಚೀಟಿ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದೊಡ್ಡಬಳ್ಳಾಪುರದ ಬಾಡಿಗೆ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ತೊಲೆ ನೋಡುತ್ತಿದ್ದೆ. ಸೊಂಟ ಹಿಡಿದುಕೊಂಡು ನಾಲ್ಕು ದಿನವಾಗಿತ್ತು. ಬಚ್ಚಲಲ್ಲಿ ಬಿದ್ದ ಸೋಪನ್ನು ಎತ್ತಿಕೊಳ್ಳಲು ಬಗ್ಗಿದವನು ಸೋಪಿನ ಜೊತೆಯಲ್ಲೇ ಉಳಿದುಬಿಟ್ಟಿದ್ದೆ. ಹೆಂಡತಿಯೂ ಪಕ್ಕದ ಮನೆಯವರೂ ಸೇರಿ ನನ್ನನ್ನು ಬಗ್ಗಿದ ಹಾಗೆಯೇ ಹೊತ್ತು ತಂದು, ಚಾಪೆಯ ಮೇಲೆ ಇಟ್ಟು, ನಿಧಾನವಾಗಿ ಬಿಡಿಸಿದ್ದರು. ಡಾಕ್ಟರು ಬಂದು ನೋಡಿ, ಬೆನ್ನುಮೂಳೆಯ ಸಂದಿನಲ್ಲಿ ನರ ಸಿಕ್ಕಿಕೊಂಡಿದೆ, ಅಲ್ಲಾಡಬೇಡಿ ಎಂದು ಹೇಳಿ ಹೋಗಿದ್ದರು. ಅಲ್ಲಾಡುವ ಆಸೆ ನನಗೂ ಇರಲಿಲ್ಲ.

ದೇವನಹಳ್ಳಿ ಕಡೆಯಿಂದ ಬಂದ ಹಳೆಯ ಸಹೋದ್ಯೋಗಿಯೊಬ್ಬರು ಬಾಗಿಲಲ್ಲೇ ನಿಂತು ಹೇಳಿದರು.

"ಒದೆ ಮೇಷ್ಟ್ರು ಹೋಗ್ಬಿಟ್ರು ಸಾರ್. ಊಟ ಮಾಡಿ ಕೈ ತೊಳ್ಕೊಂಡು ಕೂತೋರು ಹಂಗೇ ಗೋಡೆಗೆ ಒರಗ್ಬಿಟ್ರಂತೆ. ಮಧ್ಯಾಹ್ನ ಎತ್ತುತಾರೆ, ಬರ್ತೀರಾ?"

ಏಳಲು ಹೋದೆ. ಆಗಲಿಲ್ಲ. ಅವರ ಅಂತ್ಯಕ್ರಿಯೆಗೆ ಹೋಗುವ ಹಾಗೆ ನನ್ನನ್ನು ಎಬ್ಬಿಸಿ ನಿಲ್ಲಿಸಬಲ್ಲ ಮನುಷ್ಯ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು, ಆ ಹೊತ್ತಿಗೆ ಅವರನ್ನೇ ನಾಲ್ಕು ಜನ ಎತ್ತುವ ಹಾಗಾಗಿತ್ತು. ಇದು ಹೊಳೆದು ನನಗೆ ನಗು ಬಂತು. ನಕ್ಕರೆ ಸೊಂಟ ಹಿಡಿಯಿತು. ಆಮೇಲೆ ಅಳು ಬಂತು, ಅದಕ್ಕೂ ಹಿಡಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕುಟುಕಿದ್ದು ಒಂದು ಚೀಟಿ. ಹತ್ತು ವರ್ಷದಿಂದ ಅವರು ನನ್ನನ್ನು ಕೇಳುತ್ತಿದ್ದ ಎರಡು ಸಾಲಿನ ಚೀಟಿ. ನಾನು ಕೊಟ್ಟಿರಲಿಲ್ಲ.

ನಲ್ಲೂರಿನ ಹತ್ತಿರದ ಒಂದು ಮಿಡ್ಲ್ ಸ್ಕೂಲಿಗೆ ನಾನು ಲೆಕ್ಕದ ಮೇಷ್ಟ್ರಾಗಿ ಹೋದದ್ದು ಅರವತ್ತರ ದಶಕದ ಮೊದಲಲ್ಲಿ. ಬಸ್ಸಿಳಿದು ದಾರಿ ಕೇಳಿದರೆ, ಗಾಡಿಯ ಮೇಲೆ ಕೂತಿದ್ದ ರೈತನೊಬ್ಬ, "ಒದೆ ಮೇಷ್ಟ್ರು ಸ್ಕೂಲಾ? ಹಿಂಗೇ ಹೋಗಿ" ಎಂದ. ಹುರಿಮೀಸೆ, ಕೆಂಗಣ್ಣು, ಕೈಯಲ್ಲಿ ಹುಣಸೆ ಬರಲು ಹಿಡಿದ ಒಬ್ಬ ದೈತ್ಯನನ್ನು ಕಲ್ಪಿಸಿಕೊಳ್ಳುತ್ತ ಶಾಲೆಗೆ ಹೋದೆ. ಕಂಡದ್ದು ಒಬ್ಬ ಸಣಕಲು ಮನುಷ್ಯ. ಕೈಯಲ್ಲಿದ್ದದ್ದು ತಕಲಿ. ಮಕ್ಕಳಿಗೆ ನೂಲು ತೆಗೆಯುವುದನ್ನು ಕಲಿಸುವ ಕರಕುಶಲದ ಮೇಷ್ಟ್ರು ಅವರು. ಎಳೆ ತುಂಡಾಗಿ ಅಳುಮೋರೆ ಮಾಡಿಕೊಂಡಿದ್ದ ಹುಡುಗಿಗೆ, "ಇರ್ಲಿ ಬಿಡವ್ವಾ, ನೂಲಿಗೆ ಏನೋ ಬೇಜಾರಾಗೈತೆ, ಆಮೇಲೆ ಮಾತಾಡ್ಸೋಣ" ಎನ್ನುತ್ತಿದ್ದರು.

ಅಷ್ಟು ಮೆದು ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ. ಕಾಲು ಬೆಂಚಿಗೆ ತಾಕಿದರೆ ಬೆಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕತ್ತೆ ಅಡ್ಡ ನಿಂತಿದ್ದರೆ ಕತ್ತೆ ಹೋಗುವವರೆಗೆ ಇವರೂ ನಿಂತಿರುತ್ತಿದ್ದರು. ಇಂಥವರಿಗೆ ಆ ಹೆಸರು ಬರಲು ಕಾರಣ ಅವರ ಎಡಗಾಲು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ: ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಸೊಂಟದಲ್ಲಿ ಹಿಡಿದ ನರ ಬಿಡುತ್ತದೆ. ಊರಿಗೆ ಇಂಥವರು ಒಬ್ಬರಿರುತ್ತಾರೆ. ಅವರ ತಾಯಿ ಹೇಳಿದ ಪ್ರಕಾರ ನಮ್ಮ ಮೇಷ್ಟ್ರು ಹುಟ್ಟಿದ್ದು ಹಾಗೆ. ಮೀಸೆ ಮೂಡಿದಾಗಿನಿಂದ ಇವರ ಕಾಲಿಗೆ ಬಿಡುವೇ ಇರಲಿಲ್ಲ. ಯಾರನ್ನೂ ಮುಳ್ಳಿನಷ್ಟೂ ನೋಯಿಸಲಾರದ ಮನುಷ್ಯ, ಭಾನುವಾರ ಬಂತೆಂದರೆ ನಲ್ಲೂರಿನ ಹುಣಸೆ ತೋಪಿನಲ್ಲಿ ನಿಂತು ಹಿರಿಯರನ್ನೆಲ್ಲ ಒದೆಯಬೇಕಾಗಿತ್ತು. ಒದೆಸಿಕೊಳ್ಳಲು ದೊಡ್ಡಬಳ್ಳಾಪುರದಿಂದ ಮಗ್ಗದ ಗುಂಡಿಯಲ್ಲಿ ಕೂತು ಸೊಂಟ ಹೋದವರು ಬರುತ್ತಿದ್ದರು, ಹೊಸಕೋಟೆ ಕಡೆಯಿಂದ ಮೂಟೆ ಹೊತ್ತವರು ಬರುತ್ತಿದ್ದರು. ಯಾರಿಂದಲೂ ಒಂದು ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ಒದ್ದೂ ಅಲ್ಲದೆ ಮೇಲೆ ಇಸಕೊಳ್ಳುವುದೆ ಎಂದು ಅವರ ಸಂಕಟ.

ಸೇರಿದ ಮೊದಲ ವರ್ಷವೇ ನಾನೂ ಗಿರಾಕಿಯಾದೆ. ಕರಿಹಲಗೆಯನ್ನು ಒಬ್ಬನೇ ಎತ್ತುತ್ತೇನೆಂದು ಹುಡುಗರ ಮುಂದೆ ಶೌರ್ಯ ತೋರಿಸಲು ಹೋಗಿ ಹಲಗೆಯ ಜೊತೆ ಕುಸಿದೆ. ನೋವು ಸೊಂಟದಿಂದ ತೊಡೆಗಿಳಿದು, ಮೀನಖಂಡ ದಾಟಿ, ಹಿಮ್ಮಡಿಗೆ ಹೋಗಿ ಕೂತಿತು. ಭಾನುವಾರ ಗಾಡಿಯಲ್ಲಿ ತೋಪಿಗೆ ಒಯ್ದರು. ಅಲ್ಲಿ ಮೇಷ್ಟ್ರು ನನ್ನನ್ನು ಗೋಣಿತಾಟಿನ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಸೊಂಟದ ಗುಂಟ ಒತ್ತುತ್ತ ಬಂದರು.

"ಇಲ್ಲೇನಾ ಸಾರ್?"

"ಅಯ್ಯಪ್ಪಾ!"

"ಕ್ಷಮಿಸ್ಬೇಕು ಸಾರ್. ಇಲ್ಲೇನಾ?"

"ಅಮ್ಮಾ!"

"ಕ್ಷಮಿಸ್ಬೇಕು ಸಾರ್."

ಹೀಗೆ ಮುಕ್ಕಾಲು ಗಂಟೆ. ಆ ಬೆರಳು ನರದ ಜಾಡು ಹಿಡಿದು ಮಂಡಿಯ ಹಿಂದಿನವರೆಗೆ ಹೋಗುತ್ತಿತ್ತು, ಅಲ್ಲಿ ಒಂದಿಷ್ಟು ನಿಲ್ಲುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು. "ನೂಲು ಸಿಕ್ಕಾದ್ರೆ ಎಳೀಬಾರ್ದು ಸಾರ್, ಎಳೆದ್ರೆ ಇನ್ನೂ ಬಿಗೀತದೆ. ಸಮಾಧಾನ ಮಾಡಿ ಬಿಡಿಸ್ಬೇಕು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಬಿಸಿ ಮರಳಿನ ಗಂಟನ್ನು ಇಟ್ಟು ಕಾಸಿದರು. ಒಂದು ಕಾಲನ್ನು ಮಡಿಸಿ, ನಿಧಾನವಾಗಿ ನೀಡಿಸಿ, ಇನ್ನೊಂದನ್ನೂ ಹಾಗೇ ಮಾಡಿದರು. ಎಲ್ಲ ಮುಗಿದ ಮೇಲೆ, "ಎದ್ದು ಮರ ತಬ್ಕೊಳ್ಳಿ ಸಾರ್" ಎಂದರು.

ತಬ್ಬಿಕೊಂಡೆ. ಒದೆ ಬೀಳುತ್ತದೆಂದು ಕಣ್ಣು ಮುಚ್ಚಿದರೆ ಅವರು ಮುಂದೆ ಬಂದು ನನ್ನ ಕಾಲು ಮುಟ್ಟಿದರು. "ನೀವು ನನಗಿಂತ ಓದಿದೋರು. ಮನಸ್ಸಿಗೆ ಹಚ್ಕೋಬಾರ್ದು" ಎಂದರು. ಹಿಂದೆ ಹೋದರು. ಸೊಂಟದ ಹತ್ತಿರ ಬೆಕ್ಕು ಒರಸಿಕೊಂಡು ಹೋದ ಹಾಗಾಯಿತು. ಮತ್ತೆ ಮುಂದೆ ಬಂದು ಕಾಲು ಮುಟ್ಟಿದರು.

"ಒದೀರಿ ಮೇಷ್ಟ್ರೇ, ಎಷ್ಟು ಹೊತ್ತು ಮರ ತಬ್ಕೊಂಡು ನಿಂತಿರ್ಲಿ?"

"ಮೂರೂ ಆಯ್ತಲ್ಲ ಸಾರ್."

ಹೌದು, ನಾನು ನೆಟ್ಟಗೆ ನಿಂತಿದ್ದೆ. ಗಾಡಿ ಹತ್ತದೆ ನಡೆದೇ ಹೊರಟೆ. ದಾರಿಯಲ್ಲಿ, ಮೂರು ಒದೆಗೆ ಮುಂಚೆ ಅಷ್ಟೆಲ್ಲ ತಿಕ್ಕಾಟ ಯಾಕೆ ಎಂದು ಕೇಳಿದೆ.

"ಅದೇನಿಲ್ಲ ಸಾರ್" ಎಂದು ನಾಚಿಕೊಂಡರು. "ಒದೆಯೋಕೆ ಧೈರ್ಯ ಬರ್ಬೇಕಲ್ಲ. ಬರೋವರ್ಗೂ ಕೈ ಸುಮ್ನಿರ್ಬಾರ್ದು ಅಂತ ಏನೋ ಮಾಡ್ತಿರ್ತೀನಿ."

ನಾನು ಆಗ ಅದನ್ನು ತಮಾಷೆ ಅಂದುಕೊಂಡೆ.

ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ಭಾನುವಾರ ಎತ್ತಿನ ಗಾಡಿಯಲ್ಲಿ ಜಡಿಗೇನಹಳ್ಳಿ ಕಡೆಯ ಮುದುಕಿಯೊಬ್ಬಳು ಬಂದಳು. ಎಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇಪ್ಪತ್ತು. ಹಿಂದೆ ಸುತ್ತಲಿನ ಹಳ್ಳಿಗಳಿಗೆಲ್ಲ ಸೂಲಗಿತ್ತಿಯಾಗಿದ್ದವಳಂತೆ. ತಾಟಿನ ಮೇಲೆ ಬೋರಲು ಮಲಗಿಯೇ ಮೇಷ್ಟ್ರ ಊರು, ಮನೆ, ತಂದೆಯ ಹೆಸರು ಎಲ್ಲ ವಿಚಾರಿಸಿದಳು. ಮೇಷ್ಟ್ರು ಒತ್ತುತ್ತ ಹೇಳಿದರು. ಅವಳು ಕತ್ತು ಮಾತ್ರ ತಿರುಗಿಸಿ ನೋಡಿದಳು.

"ಅಯ್ಯೋ ನನ್ನಪ್ಪಾ, ನಿನ್ನ ಹೊಕ್ಕಳಬಳ್ಳಿ ಕುಯ್ದೋಳೇ ನಾನಲ್ವೇನೋ! ನೀನ್ಯಾಕೆ ಈ ಕೆಲ್ಸಕ್ಕೆ ನಿಂತೆ? ನೀನು ತಲೆಯಿಂದ ಬಂದೋನು. ಸಲೀಸಾಗಿ, ಯಾರಿಗೂ ತೊಂದ್ರೆ ಕೊಡ್ದಂಗೆ ಬಂದೆ. ಕಾಲು ಮುಂದ್ ಮಾಡ್ಕೊಂಡು ನಿಮ್ಮವ್ವನ ಪ್ರಾಣ ತಿಂದೋಳು ನಿನ್ ತಂಗಿ."

ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಮೇಷ್ಟ್ರ ಹೆಬ್ಬೆರಳು ಅಲ್ಲೇ ನಿಂತುಹೋಯಿತು. "ನಿಲ್ಲಿಸ್ಬೇಡ್ವೋ, ಚೆನ್ನಾಗೈತೆ" ಎಂದಳು ಅಜ್ಜಿ.

ಆ ಮಧ್ಯಾಹ್ನವೇ ಇಬ್ಬರೂ ಅವರ ತಾಯಿಯ ಹತ್ತಿರ ಹೋದೆವು. ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗ ವಿಷಯ ಹೇಳಿದಾಗ ಸುಲಿಯುವುದನ್ನು ಕೂಡ ನಿಲ್ಲಿಸಲಿಲ್ಲ.

"ಒಂಬತ್ತು ಹೆತ್ತಿದ್ದೀನಿ ಕಣೋ. ಯಾವ್ದು ಯಾವ ಕಡೆಯಿಂದ ಬಂತು ಅಂತ ನಾನೇನು ಬಗ್ಗಿ ನೋಡ್ಕೊಂಡು ಕೂತಿದ್ನಾ? ಒಂದು ಕಾಲಿಂದ ಬಂತು ಅಂತ ಗೊತ್ತು. ಚಿಕ್ಕೋನಿದ್ದಾಗ ನೀನು ನಿದ್ದೇಲಿ ಒದೀತಿದ್ದೆ. ನೀನೇ ಇರ್ಬೇಕು ಅನ್ಕೊಂಡೆ."

ಮೇಷ್ಟ್ರು ಜಗಲಿಯ ಮೇಲೆ ಕೂತರು. ನನ್ನ ಕೈ ಹಿಡಿದುಕೊಂಡು, "ಸಾರ್, ಹಂಗಾದ್ರೆ ಇಪ್ಪತ್ತೈದು ವರ್ಷದಿಂದ ನಾನು ಕೊಟ್ಟಿದ್ದೆಲ್ಲಾ ಬರೀ ಒದೆ!" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ದೈವದ ಅಪ್ಪಣೆಯಿಂದ ಒದೆಯುತ್ತಿದ್ದೇನೆ ಎಂಬ ಒಂದೇ ಧೈರ್ಯದ ಮೇಲೆ ಅವರು ಅಷ್ಟು ದಿನ ಕಾಲೆತ್ತಿದ್ದರು. ಈಗ ನೋಡಿದರೆ ಅಪ್ಪಣೆ ತಂಗಿಯ ಹೆಸರಿನಲ್ಲಿತ್ತು. ಅಷ್ಟು ಜನ ಹಿರಿಯರನ್ನು ಒದ್ದ ಪಾಪ ಪೂರ್ತಿ ತಮ್ಮ ತಲೆಗೇ ಬಂತೆಂದು ಅವರು ಅವತ್ತು ಊಟವನ್ನೂ ಮಾಡಲಿಲ್ಲ.

ತಂಗಿಯನ್ನೇ ಇನ್ನು ಮೇಲೆ ಒದೆಯಲು ಕೇಳೋಣವೆಂದು ಅವಳ ಗಂಡನ ಮನೆಗೆ ಹೋದರು. ಆಕೆ ಆಳಿನಂತೆ ದುಡಿಯುವ, ಗಟ್ಟಿ ಗಂಟಲಿನ ಹೆಂಗಸು. "ಹೋಗಣ್ಣ, ನಮ್ಮನೆ ಯಜಮಾನ್ರನ್ನ ಒದೆಯೋಕೇ ನನಗೆ ಪುರುಸೊತ್ತಿಲ್ಲ" ಎಂದು ರಾಗಿ ಬೀಸಲು ಹೋದಳಂತೆ.

ಒದೆಯುವುದು ನಿಂತಿತು. ಅದರ ಬದಲು ಮೇಷ್ಟ್ರು ಸೈಕಲ್ ಹತ್ತಿ, ತಾವು ಒದ್ದವರ ಮನೆಗಳಿಗೆಲ್ಲ ಹೋಗಿ ಕಾಲಿಗೆ ಬಿದ್ದು ಕ್ಷಮೆ ಕೇಳತೊಡಗಿದರು. ಕಾರಣ ಹೇಳಲು ಬಾಯಿ ಬರುತ್ತಿರಲಿಲ್ಲ. ಜನ ಇದನ್ನು ಔಷಧಿಯ ಎರಡನೆಯ ಭಾಗ ಎಂದುಕೊಂಡರು. "ಇವರು ಬಂದು ಕಾಲಿಗೆ ಬಿದ್ದ ಮೇಲೆ ಮಂಡಿ ನೋವೂ ಹೋಯ್ತು" ಎಂದು ಒಬ್ಬ ಹೇಳಿದನಂತೆ. ಇನ್ನೊಬ್ಬ, "ಅಷ್ಟು ದೂರ ಬಂದಿದ್ದೀರಿ, ಹಂಗೇ ಒಂದು ಒದ್ದು ಹೋಗಿ" ಎಂದು ಕಂಬ ತಬ್ಬಿಕೊಂಡನಂತೆ. ದೊಡ್ಡಬಳ್ಳಾಪುರದ ನೇಕಾರರೊಬ್ಬರ ಕಾಲು ಮಗ್ಗದ ಗುಂಡಿಯೊಳಗಿತ್ತು. ಅವರು ಅರ್ಜೆಂಟು ಸೀರೆ ಬಿಟ್ಟು ಏಳುವಂತಿರಲಿಲ್ಲ. ಮೇಷ್ಟ್ರು ನೆಲದ ಮೇಲೆ ಉದ್ದಕ್ಕೆ ಮಲಗಿ ಗುಂಡಿಯೊಳಗೆ ಕೈ ಇಳಿಬಿಟ್ಟು ತಡಕಾಡಿದರೆ ಸಿಕ್ಕಿದ್ದು ಮಗ್ಗದ ತುಳಿಹಲಗೆ. ಅದಕ್ಕೇ ನಮಸ್ಕಾರ ಮಾಡಿ ಬಂದರು.

ಇಂಥ ಹೊತ್ತಿನಲ್ಲಿ ನಮ್ಮ ಹೆಡ್‌ಮೇಷ್ಟ್ರ ಸೊಂಟ ಕೈಕೊಟ್ಟಿತು.

ಹೆಡ್‌ಮೇಷ್ಟ್ರು ವಿಜ್ಞಾನದವರು. ದಪ್ಪ ಮನುಷ್ಯ, ದಪ್ಪ ದನಿ. ತೋಪಿನ ಒದೆಯನ್ನು ಮೂಢನಂಬಿಕೆ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ವರ್ಷಕ್ಕೊಮ್ಮೆಯಾದರೂ ಖಂಡಿಸುತ್ತಿದ್ದರು. ಎರಡು ವರ್ಷದಿಂದ ಅವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ನೋವಿತ್ತು. ಕುರ್ಚಿಗೆ ಮೊದಲು ಒಂದು ದಿಂಬು ಬಂತು, ಆಮೇಲೆ ಎರಡು, ಕೊನೆಗೆ ಅವರು ನಿಂತೇ ಹಾಜರಿ ಹಾಕುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಯಲ್ಲಿ, ಎರಡು ವಾರ ನೋಡೋಣ, ಕಡಿಮೆಯಾಗದಿದ್ದರೆ ಆಪರೇಷನ್ ಎಂದರು. ಹೆಡ್‌ಮೇಷ್ಟ್ರು ಕ್ಷೌರದ ಕತ್ತಿ ಕಂಡರೂ ಕಣ್ಣು ಮುಚ್ಚುವವರು. ಬೆಂಗಳೂರಿನಿಂದ ಬಂದವರೇ ಕರಕುಶಲದ ಮೇಷ್ಟ್ರನ್ನು ಕೋಣೆಗೆ ಕರೆಸಿದರು. ಸಾಕ್ಷಿಗೆ ನಾನಿದ್ದೆ.

"ಒದೀರಿ" ಎಂದರು.

"ಆಗಲ್ಲ ಸಾರ್. ತಮಗೆ ನಿಜ ಹೇಳ್ಬಿಡ್ತೀನಿ. ನಾನು ತಲೆಯಿಂದ ಹುಟ್ಟಿದೋನು."

"ಎಲ್ಲಾರೂ ಹಂಗೇ ಕಣ್ರೀ ಹುಟ್ಟೋದು! ಅದಕ್ಕೂ ಇದಕ್ಕೂ ಏನ್ರೀ ಸಂಬಂಧ? ನಾನು ಮೊದಲಿಂದ ಹೇಳ್ತಿಲ್ವಾ, ಅದು ಮೂಢನಂಬಿಕೆ ಅಂತ. ಒದೀರಿ."

"ಮೂಢನಂಬಿಕೆ ಅಂದ್ಮೇಲೆ ಯಾಕೆ ಸಾರ್ ಒದೀಲಿ?"

ಹೆಡ್‌ಮೇಷ್ಟ್ರಿಗೆ ಉತ್ತರ ಕೊಡುವ ಮೊದಲೇ ಸೊಂಟ ಹಿಡಿಯಿತು. ಎರಡು ಕೈಯಲ್ಲೂ ಮೇಜು ಹಿಡಿದುಕೊಂಡರು. ದಪ್ಪ ದನಿ ಸಣ್ಣದಾಯಿತು.

"ನನಗೆ ಭಯ ಆಗ್ತಿದೆ ಮೇಷ್ಟ್ರೇ."

ಕರಕುಶಲದ ಮೇಷ್ಟ್ರು ಕರಗಿಹೋದರು. ಆದರೂ ಕೈ ಮುಗಿದರು. "ದೇವರ ಅಪ್ಪಣೆ ಇಲ್ಲ, ಸರ್ಕಾರದ ಅಪ್ಪಣೇನೂ ಇಲ್ಲ. ಮೇಲಧಿಕಾರಿಗಳನ್ನ ಹೆಂಗೆ ಸಾರ್ ಒದೀಲಿ?"

ಸರ್ಕಾರದ ಅಪ್ಪಣೆ ಕೊಡುವುದು ಹೆಡ್‌ಮೇಷ್ಟ್ರ ಕೈಯಲ್ಲೇ ಇತ್ತು. ಅವರು ನಿಂತಲ್ಲೇ ಕಾಗದ ಎಳೆದುಕೊಂಡು ಮೆಮೊ ಬರೆದರು. "ಈ ಶಾಲೆಯ ಕರಕುಶಲ ಶಿಕ್ಷಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಮುಖ್ಯೋಪಾಧ್ಯಾಯರ ಸೊಂಟಕ್ಕೆ ಎಡಗಾಲಿನಿಂದ ಮೂರು ಒದೆಗಳನ್ನು ಕೊಡತಕ್ಕದ್ದು. ತಪ್ಪಿದಲ್ಲಿ ತಮ್ಮಿಂದ ಸಮಜಾಯಿಷಿ ಕೇಳಲಾಗುವುದು." ಕೆಳಗೆ ಸಹಿ, ಮೊಹರು. ಮೇಷ್ಟ್ರು ಎರಡು ಸಲ ಓದಿ, ಪ್ರತಿಗೆ ಸಹಿ ಹಾಕಿ, ಮೆಮೊವನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು.

ಮೆಮೊ ಸಿಕ್ಕಿತು, ಧೈರ್ಯ ಸಿಗಬೇಕಲ್ಲ. ಸಾಮಾನ್ಯ ಜನರಿಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು. ಹೆಡ್‌ಮೇಷ್ಟ್ರಿಗೆ ಹನ್ನೊಂದು ದಿನ ಬೇಕಾಯಿತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ತಾಟು ಹಾಸಿ, ಎಣ್ಣೆ ಹಚ್ಚಿ, ಒತ್ತಿ, ಕಾಸಿ, ಕಾಲು ಮಡಿಸಿ ನೀಡಿಸಿ, ಕೊನೆಗೆ "ಇವತ್ತು ಬೇಡ ಸಾರ್, ನಾಳೆ ಒದೀತೀನಿ" ಎಂದು ಕೈ ಮುಗಿದು ಹೊರಡುತ್ತಿದ್ದರು. ಹೆಡ್‌ಮೇಷ್ಟ್ರು ಸಿಡುಕುತ್ತಿದ್ದರು. ಆರನೆಯ ದಿನ ಅವರು ಕೂತು ಹಾಜರಿ ಹಾಕಿದರು. ಎಂಟನೆಯ ದಿನ ಒಂದು ದಿಂಬು ಮನೆಗೆ ವಾಪಸು ಹೋಯಿತು. ಹನ್ನೆರಡನೆಯ ದಿನ ಭಾನುವಾರ, ಅವರೇ ತೋಪಿನವರೆಗೆ ನಡೆದು ಬಂದು, ಮರ ತಬ್ಬಿಕೊಂಡು, "ಹೂಂ" ಎಂದರು. ಮೇಷ್ಟ್ರು ಜೇಬಿನಿಂದ ಮೆಮೊ ತೆಗೆದು ಗಟ್ಟಿಯಾಗಿ ಓದಿ, ಕಾಲು ಮುಟ್ಟಿ, ಮೂರು ಸಲ ಬೆಕ್ಕಿನಂತೆ ಒರಸಿದರು. ಹೆಡ್‌ಮೇಷ್ಟ್ರು ನೆಟ್ಟಗೆ ನಿಂತು ಕೋಟು ಕೊಡವಿಕೊಂಡರು.

ಬೆಂಗಳೂರಿನ ಡಾಕ್ಟರು ಕಾಲು ಎತ್ತಿಸಿ ಇಳಿಸಿ ನೋಡಿ, ಸದ್ಯಕ್ಕೆ ಆಪರೇಷನ್ ಬೇಡ, ಏನು ಮಾಡಿದಿರಿ ಎಂದು ಕೇಳಿದರಂತೆ. "ನರಕ್ಕೆ ಒಂದು ಚಿಕಿತ್ಸೆ ತಗೊಂಡೆ" ಎಂದರಂತೆ ನಮ್ಮವರು. ಯಾರ ಹತ್ತಿರ ಎಂದರೆ, "ನಮ್ಮ ಡಿಪಾರ್ಟ್‌ಮೆಂಟಿನವರೇ ಒಬ್ಬರಿದ್ದಾರೆ."

ಇದರಿಂದ ಮೇಷ್ಟ್ರು ಕಲಿತದ್ದು ಒಂದೇ: ಒಪ್ಪಿಗೆ ಬರವಣಿಗೆಯಲ್ಲಿದ್ದರೆ ಪಾಪವಿಲ್ಲ. ಅವತ್ತಿನಿಂದ ಚೀಟಿ ಇಲ್ಲದೆ ಕಾಲೆತ್ತಲಿಲ್ಲ. "ನನ್ನನ್ನು ಒದೆಯಲು ನನ್ನ ಒಪ್ಪಿಗೆ ಇರುತ್ತದೆ" ಎಂದು ಬರೆದು ಸಹಿ ಮಾಡಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು. ಹಿಂದೆ ಒದ್ದವರ ಮನೆಗೂ ಮತ್ತೆ ಸೈಕಲ್ ಹೊಡೆದು ಚೀಟಿ ತಂದರು. ಸತ್ತಾಗ ಯಮ ಕೇಳಿದರೆ ತೋರಿಸಲು ಬೇಕು ಎಂದು ನನ್ನೊಬ್ಬನಿಗೆ ಹೇಳಿದ್ದರು. ಆ ಮಾತನ್ನು ನನಗೆ ಹೇಳಬಾರದಿತ್ತು.

"ಸಾರ್, ನಿಮ್ಮ ಚೀಟಿ" ಎಂದಾಗೆಲ್ಲ ನಾನು, "ಕೊಡಲ್ಲ ಮೇಷ್ಟ್ರೇ. ಅಲ್ಲಿ ನಿಮ್ಮ ಮೇಲೆ ಕಂಪ್ಲೇಂಟ್ ಕೊಡೋಕೆ ಒಬ್ಬನಾದ್ರೂ ಬೇಡ್ವಾ?" ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ನಗು ಪೂರ್ತಿ ಆಗುತ್ತಿರಲಿಲ್ಲ. ನನಗೆ ದೊಡ್ಡಬಳ್ಳಾಪುರಕ್ಕೆ ವರ್ಗವಾದ ಮೇಲೆ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. "ಇತ್ತ ಕ್ಷೇಮ. ಚೀಟಿಯ ವಿಷಯ ತಮ್ಮ ಗಮನಕ್ಕೆ." ಹಬ್ಬಕ್ಕೆ ಬರುತ್ತಿತ್ತು, ಮಗಳ ಮದುವೆಯ ಕರೆಯೋಲೆಯ ಮೂಲೆಯಲ್ಲೂ ಬಂತು. ಬರೆದುಕೊಡಲು ನನಗೆ ಎರಡು ನಿಮಿಷ ಸಾಕಿತ್ತು. ತಮಾಷೆಗಾಗಿ ಕೊಡಲಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಕೊಟ್ಟುಬಿಟ್ಟರೆ ಆ ಕಾರ್ಡು ಬರುವುದು ನಿಲ್ಲುತ್ತದಲ್ಲ ಎಂದು ಕೊಡಲಿಲ್ಲ. ಇದನ್ನು ಅವರಿಗೆ ಹೇಳಬೇಕಾಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ದಿನ ಅವರ ತಂಗಿ ನಮ್ಮ ಮನೆಗೆ ಬಂದಳು. ಆ ಹೊತ್ತಿಗೆ ನಾನು ಗೋಡೆ ಹಿಡಿದು, ಬಗ್ಗಿಕೊಂಡು, ಬಚ್ಚಲವರೆಗೆ ಹೋಗಿಬರುವಷ್ಟಾಗಿದ್ದೆ.

"ಚೀಟಿನೆಲ್ಲಾ ಎದೆ ಮೇಲಿಟ್ಟೇ ಬೆಂಕಿ ಕೊಟ್ವಿ ಮೇಷ್ಟ್ರೇ. ಹಂಗೇ ಮಾಡ್ಬೇಕು ಅಂತ ಮೊದ್ಲೇ ಹೇಳಿದ್ದ. ಇದು ಅವನ ಅಂಗಿ ಜೇಬಲ್ಲಿತ್ತು, ಪೋಸ್ಟ್ ಡಬ್ಬಿಗೆ ಹಾಕಿರ್ಲಿಲ್ಲ" ಎಂದು ಒಂದು ಕಾರ್ಡು ಕೊಟ್ಟಳು. ನನ್ನ ವಿಳಾಸ. ಹಿಂದೆ ಅದೇ ಗುಂಡು ಅಕ್ಷರ. "ಇತ್ತ ಕ್ಷೇಮ. ಚೀಟಿಗೆ ಅವಸರವೇನಿಲ್ಲ. ತಮಗೆ ಬಿಡುವಾದಾಗ."

ನನ್ನ ಮುಖ ನೋಡಿ ಆಕೆಗೆ ಏನೆನ್ನಿಸಿತೋ. ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಬಗ್ಗಿ ಮೇಷ್ಟ್ರೇ."

"ಬಗ್ಗಿಯೇ ಇದ್ದೀನಲ್ಲಮ್ಮ."

"ಅಣ್ಣಂದು ಡೂಪ್ಲಿಕೇಟು. ನಂದೇ ಒರಿಜಿನಲ್ಲು. ಕಂಬ ಹಿಡ್ಕೊಳ್ಳಿ."

ಹಿಡಿದುಕೊಳ್ಳುವ ಮೊದಲೇ ಬಿತ್ತು. ಒಂದೇ ಒದೆಗೆ ನಾನು ಕಂಬ ದಾಟಿ ಅಕ್ಕಿಮೂಟೆಯ ಮೇಲೆ ಹೋಗಿ ಬಿದ್ದೆ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

"ಬಿಡ್ತಾ?" ಎಂದಳು ತಂಗಿ.

"ಇಲ್ಲಮ್ಮ. ಇನ್ನೂ ಬಿಗೀತು."

"ಥೂ ಇದರ! ಕಾಲು ಮುಂದಾಗಿ ಹುಟ್ಟಿಯೂ ದಂಡ" ಎಂದು ತನ್ನ ಕಾಲನ್ನೇ ಬೈದುಕೊಂಡಳು.

"ನಿಮ್ಮಣ್ಣ ಒದೆಯೋಕೆ ಮುಂಚೆ ಮುಕ್ಕಾಲು ಗಂಟೆ ಹೆದರ್ತಿದ್ರು ಕಣಮ್ಮ" ಎಂದೆ. "ನೀನು ಹೆದರ್ಲೇ ಇಲ್ಲ."

ಆಕೆ ನಕ್ಕಳು. ನಗುತ್ತ ನಗುತ್ತ ಮೂಟೆಯ ಪಕ್ಕದಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಕೆ ಊಟ ಮಾಡಿ ಹೊರಟ ಮೇಲೆ ನಾನು ಕಾಗದ ತರಿಸಿಕೊಂಡು, ಅಕ್ಕಿಮೂಟೆಗೆ ಒರಗಿಯೇ ಬರೆದೆ. ಉಳಿದ ಚೀಟಿಗಳು ಹೋದ ದಾರಿಯಲ್ಲೇ ಇದೂ ಹೋಗಲೆಂದು ಹಂಡೆಯ ಒಲೆಗೆ ಹಾಕಬೇಕೆಂದಿದ್ದೆ. ಹೆಂಡತಿ ನಾನು ಹಾಕುತ್ತೇನೆ ಕೊಡಿ ಎಂದರೂ ಕೊಡದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ಒಲೆಯ ಮುಂದೆ ಮಂಡಿಯೂರಿ, ಒಂದು ಸಲ ಗಟ್ಟಿಯಾಗಿ ಓದಿದೆ.

"ಸಂಬಂಧಪಟ್ಟವರ ಗಮನಕ್ಕೆ. ನಲ್ಲೂರಿನ ಹುಣಸೆ ತೋಪಿನಲ್ಲಿ ಈ ಮೇಷ್ಟ್ರು ನನ್ನ ಸೊಂಟಕ್ಕೆ ಕೊಟ್ಟ ಮೂರೂ ಒದೆಗಳಿಗೆ ನನ್ನ ಸಂಪೂರ್ಣ ಒಪ್ಪಿಗೆ ಇತ್ತು. ಅವರ ಮೇಲೆ ನನ್ನ ದೂರು ಏನೂ ಇಲ್ಲ. ತಡವಾದದ್ದು ನನ್ನ ತಪ್ಪು, ಅವರದಲ್ಲ. ಇನ್ನೂ ಮೂರು ಬೇಕಾಗಿದ್ದವು."